ಠಣ್, ಜರ್ರ್, ಬೊದ್ದ್

ಅರ್ಥವಿಲ್ಲದ ಸದ್ದುಗಳಂತೆ! ಮೊಮ್ಮಗಳು ಅನಘಾಳ ಕನ್ನಡ ನೋಟ್ಸಿನಲ್ಲಿ ಈ ಮಾತನ್ನು ಓದಿದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಅನುಕರಣಾವ್ಯಯ ಎಂದರೆ ಅರ್ಥವಿಲ್ಲದ ಸದ್ದುಗಳನ್ನು ಕೇಳಿದ ಹಾಗೆಯೇ ಹೇಳುವುದು ಎಂದು ದುಂಡಗೆ ಬರೆದುಕೊಂಡಿದ್ದಾಳೆ ಹುಡುಗಿ. ಕೆಳಗೆ ಹತ್ತು ಉದಾಹರಣೆ. ಒಂಬತ್ತು ಅವಳ ಅಮ್ಮ ಫೋನಿನಲ್ಲಿ ಹುಡುಕಿಕೊಟ್ಟದ್ದು. ಪಟಪಟ, ಸರಸರ, ಗಡಗಡ ಇತ್ಯಾದಿ. ಹತ್ತನೆಯದು ನಾನು ಹೇಳಿದ್ದು: ಬೊದ್ದ್. ಆ ಒಂದರ ಸುತ್ತ ಕೆಂಪು ಶಾಯಿಯ ಉರುಟು ಗೆರೆ, ಪಕ್ಕದಲ್ಲೊಂದು ಪ್ರಶ್ನೆಯ ಚಿಹ್ನೆ. ಸೊಸೆ ಸಮಾಧಾನ ಮಾಡಲು ಬಂದಳು.

"ಅತ್ತೆ, ಎಂತಕೆ ಇಷ್ಟ್ ಸಿಟ್ಟ್ ಮಾಡ್ಕಂತ್ರಿ? ಒಂದ್ ಶಬ್ದ ಅಲ್ದಾ? ಬೇರೆ ಬರೆದ್ರಾಯ್ತ್."

ಒಂದು ಶಬ್ದ! ಆದರೆ ನನಗೆ ಮಾತಾಡುವ ಮುಖವಾದರೂ ಎಲ್ಲಿದೆ? ಬ್ರಹ್ಮಾವರದ ಕಡೆಯ ಶಾಲೆಗಳಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿದವಳು ನಾನೇ. ಅದೇ ವಾಕ್ಯವನ್ನು ಬೋರ್ಡಿನ ಮೇಲೆ ಬರೆದವಳೂ ನಾನೇ, ಮಕ್ಕಳ ಪುಸ್ತಕದಲ್ಲಿ ಅದೇ ಕೆಂಪು ಗೆರೆ ಎಳೆದವಳೂ ನಾನೇ. ಅನಘಾಳ ಟೀಚರನ್ನು ಕಾಣಲು ನಾಳೆ ಶಾಲೆಗೆ ಹೋಗುವುದೆಂದು ತೀರ್ಮಾನಿಸಿದ್ದೇನೆ. ಅಲ್ಲಿ ಸಿಟ್ಟಿನಲ್ಲಿ ಬಾಯಿ ತೊದಲಿದರೆ ಕಷ್ಟ ಎಂದು ಇವತ್ತೇ ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ನಾನು ಹುಟ್ಟಿ ಬೆಳೆದ ಮನೆ ಕುಂದಾಪುರದ ಹತ್ತಿರ ಗುಲ್ವಾಡಿಯಲ್ಲಿ, ಹೊಳೆಯ ಬದಿಗೆ. ಮುಂದೆ ಒಂದು ಜಗಲಿ, ಒಳಗೆ ಒಂದು ಕೋಣೆ, ಹಿಂದೆ ಅಡುಗೆಮನೆ, ಅಷ್ಟೇ. ಅಪ್ಪಯ್ಯ ಬೊಂಬಾಯಿಯ ಹೋಟೆಲೊಂದರಲ್ಲಿ ದೋಸೆ ಹುಯ್ಯುತ್ತಿದ್ದರು; ವರ್ಷಕ್ಕೊಮ್ಮೆ ಬಂದು, ಹದಿನೈದು ದಿನ ಮಲಗಿ, ಎದ್ದು ಹೋಗುತ್ತಿದ್ದರು. ಮನೆಯಲ್ಲಿ ಉಳಿದವರು ನಾವು ಮೂವರು ಹೆಂಗಸರು: ಅಪ್ಪಯ್ಯನ ಅಮ್ಮ, ಅಂದರೆ ನನ್ನ ಅಜ್ಜಿ, ನನ್ನ ಅಬ್ಬಿ, ಮತ್ತೆ ನಾನು. ಅಬ್ಬಿ ಎಂದರೆ ಅಮ್ಮ. ನಾನು ಅವಳನ್ನು ಹುಟ್ಟಿದಂದಿನಿಂದ ಹಾಗೆಯೇ ಕರೆದದ್ದು, ಒಂದೇ ಒಂದು ದಿನ ಬಿಟ್ಟು. ಮನೆಯ ಮಾಡಿಗೆ ಹೊದಿಸಿದ ಹೆಂಚೆಲ್ಲ ಹೊಳೆಯಾಚೆಯ ಕಾರ್ಖಾನೆಯವರು ಬೇಡವೆಂದು ಬದಿಗಿಟ್ಟದ್ದು. ಕೆಲವು ಡೊಂಕು, ಕೆಲವು ಸುಟ್ಟು ಕಪ್ಪಾದದ್ದು. ಆದರೆ ಬಿರುಕಿನದ್ದು ಒಂದೂ ಇರಲಿಲ್ಲ. ಯಾಕೆಂದರೆ ಅವನ್ನು ಆರಿಸಿ ತಂದವಳು ಅಬ್ಬಿ, ಮತ್ತು ಆ ಕಾರ್ಖಾನೆಯಲ್ಲಿ ಅವಳ ಕೆಲಸವೇ ಅದಾಗಿತ್ತು.

ಗೂಡಿನಲ್ಲಿ ಬೆಂದು ಹೊರಬಂದ ಹೆಂಚು ನೋಡಲು ಎಲ್ಲ ಒಂದೇ. ಒಳಗೆ ಕೂದಲಿನಷ್ಟು ಬಿರುಕಿದ್ದರೂ ಕಣ್ಣಿಗೆ ಕಾಣುವುದಿಲ್ಲ. ಅದನ್ನು ಮಾಡಿಗೇರಿಸಿದರೆ ಎರಡನೇ ಮಳೆಗಾಲಕ್ಕೆ ಒಡೆದು ತಲೆಯ ಮೇಲೆ ಬೀಳುತ್ತದೆ. ಹಾಗಾಗಿ ಗೂಡಿನ ಮುಂದೆ ಐದಾರು ಹೆಂಗಸರು ಸಾಲಾಗಿ ಕುಳಿತು, ಎಡಗೈಯ ಬೆರಳುಗಳ ಮೇಲೆ ಹೆಂಚನ್ನು ಹಗುರವಾಗಿ ನಿಲ್ಲಿಸಿ, ಬಲಗೈಯ ಬೆರಳ ಗಂಟಿನಿಂದ ಒಂದು ಪೆಟ್ಟು ಕೊಟ್ಟು ಕೇಳುತ್ತಿದ್ದರು. ಒಂದು ಪೆಟ್ಟು, ಒಂದು ಸದ್ದು, ಒಂದು ರಾಶಿ. ಬುತ್ತಿ ಕೊಡಲು ಹೋದಾಗ ನಾನು ಎಷ್ಟೋ ಸಲ ನಿಂತು ನೋಡಿದ್ದೇನೆ. ಅಬ್ಬಿಯ ನಡುಬೆರಳ ಗಂಟು ದಡ್ಡುಗಟ್ಟಿ ಹುಣಸೆಬೀಜದ ಹಾಗೆ ಕಪ್ಪಾಗಿತ್ತು. ಹದವಾಗಿ ಬೆಂದದ್ದು ಠಣ್. ಅರೆಬೆಂದದ್ದು ಟೊಕ್ಕ್. ಹೆಚ್ಚು ಬೆಂದದ್ದು ಕಿಣ್. ಅಂಚಿನಲ್ಲಿ ಬಿರುಕಿದ್ದರೆ ಜರ್ರ್. ನಡುವಿನಲ್ಲಿ ಬಿರುಕಿದ್ದರೆ ಬೊದ್ದ್. ಈ ಐದನ್ನೂ ಹೆಸರಿಟ್ಟು ಕರೆದವಳು ಅಬ್ಬಿ. ಉಳಿದ ಹೆಂಗಸರು ಅವಳಿಂದ ಕಲಿತರು. ಆಮೇಲೆ ಗಾಡಿಯವರು ಕೂಡ "ಠಣ್ ರಾಶಿ ಯಾವ್ದ್, ಟೊಕ್ಕ್ ರಾಶಿ ಯಾವ್ದ್" ಎಂದು ಕೇಳಿಕೊಂಡೇ ಹೇರುತ್ತಿದ್ದರು. ಅರ್ಥವಿಲ್ಲದ ಸದ್ದಂತೆ! ಆ ಐದು ಸದ್ದಿನ ಅರ್ಥ ತಿಳಿದಿದ್ದರಿಂದಲೇ ನಮ್ಮ ಒಲೆಯಲ್ಲಿ ಗಂಜಿ ಬೇಯುತ್ತಿತ್ತು.

ಒಲೆಯ ಮುಂದೆಯೂ ಅವಳದ್ದು ಅದೇ ಭಾಷೆ. ಗಂಜಿ ಕೊತಕೊತ ಅಂದರೆ ಇನ್ನೂ ಕಟ್ಟಿಗೆ ಒಟ್ಟಬೇಕು. ಪೊಕ್ ಪೊಕ್ ಅಂದರೆ ಸಾಕು, ಇಳಿಸಬೇಕು. ನೀರುದೋಸೆಯ ಹಿಟ್ಟು ಕಾವಲಿಗೆ ಬಿದ್ದಾಗ ಚೊಂಯ್ ಅನ್ನಬೇಕು. ಬರೀ ಸುಂಯ್ ಅಂದರೆ ಕಾವಲಿ ಕಾದಿಲ್ಲ. ಅವಳು ಮುಚ್ಚಳ ತೆಗೆದು ನೋಡಿದ್ದೇ ಇಲ್ಲ. ಅಜ್ಜಿಗೆ ಇದು ಸರಿಬರುತ್ತಿರಲಿಲ್ಲ. ಅಜ್ಜಿ ಮುಚ್ಚಳ ತೆಗೆದು, ಸೌಟಿನಲ್ಲಿ ಅಗುಳು ತೆಗೆದು, ಹಿಸುಕಿ ನೋಡುವ ಪೈಕಿ. ಬೆಳಿಗ್ಗೆ ಎದ್ದರೆ ಅತ್ತೆ ಸೊಸೆಗೆ ಇದೇ ಜಗಳ.

"ಎಂತದೇ ಅದ್ ಪೊಕ್ ಪೊಕ್? ಮನ್ಷರ್ ಮಾತಾಡೂ ಕ್ರಮವಾ ಅದ್? ಬೆಂದಿತ್ತ್ ಅಂದೇಳಿ ಹೇಳೂಕಾತ್ತಿಲ್ಯಾ?"

"ಬೆಂದಿತ್ತ್ ಅಂದ್ರೆ ನಿಮ್ಗ್ ಎಷ್ಟ್ ಬೆಂದಿತ್ತ್ ಅಂದೇಳಿ ಗೊತ್ತಾತ್ತಾ ಅತ್ತೆ? ಪೊಕ್ ಪೊಕ್ ಅಂದ್ರೆ ಗೊತ್ತಾತ್ತ್."

ಮನುಷ್ಯರನ್ನೂ ಅವಳು ಹಾಗೆಯೇ ಬಡಿದು ನೋಡುತ್ತಿದ್ದಳು. ಬೊಂಬಾಯಿಯಲ್ಲಿ ಕೆಲಸ ಕೊಡಿಸುತ್ತೇನೆ ಎಂದು ಊರೆಲ್ಲ ತಿರುಗುತ್ತಿದ್ದ ಒಬ್ಬ ನಮ್ಮ ಜಗಲಿಯಲ್ಲಿ ಕುಳಿತು ತಾಸುಗಟ್ಟಲೆ ಕೊರೆದು ಹೋದ ಮೇಲೆ, "ಬೊದ್ದ್ ಅಂತ್ ಅವ" ಎಂದಳು. ಅಜ್ಜಿಯೂ ನಕ್ಕುಬಿಟ್ಟಳು. ಪ್ರತಿವರ್ಷ ನನ್ನ ಪರೀಕ್ಷೆಗೆ ಮೊದಲು ಕುಂಭಾಶಿಗೆ ಹೋಗಿ ಆನೆಗುಡ್ಡೆ ಗಣಪತಿಗೆ ಕೈಮುಗಿದು ಬರುವುದು ನಮ್ಮ ಮನೆಯ ಕಟ್ಟಳೆ. ಅಲ್ಲಿಯೂ ಗಂಟೆ ಬಾರಿಸಿ, ಕಣ್ಣು ಮುಚ್ಚಿ, ಸದ್ದು ಪೂರ್ತಿ ಅಡಗುವ ತನಕ ನಿಂತು, ನನ್ನ ಕಿವಿಯಲ್ಲಿ "ಠಣ್, ಕಾಣ್" ಎನ್ನುತ್ತಿದ್ದಳು. ಅವಳಿಗೆ ದೇವರೂ ಪಾಸು.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಕನ್ನಡ ಮಾಷ್ಟ್ರು ಅನುಕರಣಾವ್ಯಯದ ಪಾಠ ಮಾಡಿದರು. ಮನೆಯಿಂದ ಹತ್ತು ಉದಾಹರಣೆ ಬರೆದುಕೊಂಡು ಬನ್ನಿ ಎಂದರು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಇಡೀ ಕ್ಲಾಸಿನಲ್ಲಿ ಈ ವಿದ್ಯೆ ನನ್ನ ಮನೆಯಲ್ಲಿ ಇದ್ದಷ್ಟು ಇನ್ಯಾರ ಮನೆಯಲ್ಲಿದೆ? ಸಂಜೆ ಅಬ್ಬಿ ಮೀನು ಸರಿಮಾಡುತ್ತಿದ್ದಲ್ಲಿಗೆ ಹೋಗಿ ಕುಳಿತೆ. ಅವಳಿಗೆ ಓದು ಬರಹ ಇಲ್ಲ. ಆದರೆ ಶಾಲೆಯವರು ತನ್ನ ಸದ್ದುಗಳನ್ನು ಕೇಳಿದ್ದಾರೆ ಎಂದು ತಿಳಿದು ಅವಳ ಮುಖ ಎಷ್ಟು ಅರಳಿತು! ಕೈತೊಳೆದು ಬಂದು, ಒಂದೊಂದನ್ನೂ ನಿಧಾನವಾಗಿ ಹೇಳಿ ಬರೆಸಿದಳು. ಮರುದಿನ ಮಾಷ್ಟ್ರು ನನ್ನ ಪುಸ್ತಕ ನೋಡಿ, ಠಣ್ ಎಂಬುದೊಂದಕ್ಕೆ ಸರಿ ಹಾಕಿ, ಉಳಿದ ಒಂಬತ್ತಕ್ಕೂ ಕೆಂಪು ಗೆರೆ ಎಳೆದರು. ಅಷ್ಟಕ್ಕೇ ಬಿಟ್ಟಿದ್ದರೆ ನಾನು ಈಗ ಇದನ್ನು ಬರೆಯುತ್ತಿರಲಿಲ್ಲ. ಬೆಂಚಿನ ಮೇಲೆ ನಿಲ್ಲಿಸಿದರು.

"ಓದು ನೋಡುವಾ, ಎಲ್ಲರಿಗೂ ಕೇಳಲಿ. ಬೊದ್ದಂತೆ, ಟೊಕ್ಕಂತೆ! ಇದು ಯಾವ ದೇಶದ ಭಾಷೆ? ಹೆಂಚಿನ ಕಾರ್ಖಾನೆಯದ್ದನ್ನೆಲ್ಲ ಕನ್ನಡ ಅಂತ ಬರೆದುಕೊಂಡು ಬಂದರೆ ಮಾರ್ಕು ಸಿಗುತ್ತದಾ?"

ನಾನು ಓದಿದೆ. ಒಂದೊಂದು ಶಬ್ದಕ್ಕೂ ಕ್ಲಾಸು ಬಿದ್ದು ಬಿದ್ದು ನಕ್ಕಿತು. ಮಾಷ್ಟ್ರೂ ಮೇಜು ತಟ್ಟಿ ನಕ್ಕರು. ಅಂದಿನಿಂದ ಹೈಸ್ಕೂಲು ಮುಗಿಯುವ ತನಕ ನನ್ನ ಹೆಸರು ಬೊದ್ದ್ ಜಲಜ. ಇಷ್ಟು ವರ್ಷ ಕಳೆದು, ಮಾಷ್ಟ್ರು ತೀರಿಕೊಂಡು, ತೀರಿಕೊಂಡವರ ಬಗ್ಗೆ ಕೆಟ್ಟದ್ದು ಆಡಬಾರದು ಎಂದು ಗೊತ್ತಿದ್ದೂ ಹೇಳುತ್ತೇನೆ: ಆ ಮನುಷ್ಯನ ಮೇಲಿನ ಸಿಟ್ಟು ನನಗೆ ಇವತ್ತಿಗೂ ಇಳಿದಿಲ್ಲ. ಮನೆಗೆ ಬಂದಾಗ ಅಬ್ಬಿ ಬಾಗಿಲಲ್ಲೇ ಕಾಯುತ್ತಿದ್ದಳು.

"ಎಂತ ಹೇಳ್ರ್ ಮಾಷ್ಟ್ರ್? ಎಲ್ಲಾ ಸರಿ ಇದ್ದಿತಾ?"

"ಎಲ್ಲ ಸರಿ ಇತ್ತು ಅಂದರು."

ಪುಸ್ತಕದ ಕನ್ನಡದಲ್ಲಿ ನಾನು ಅವಳಿಗೆ ಹೇಳಿದ ಮೊದಲ ವಾಕ್ಯ ಅದು, ಸುಳ್ಳು ವಾಕ್ಯ. ಅಂದಿನಿಂದ ಮನೆಯಲ್ಲೂ ನಾನು ಹಾಗೆಯೇ ಮಾತಾಡತೊಡಗಿದೆ. 'ಬತ್ತೆ' ಎಂಬುದು 'ಬರುತ್ತೇನೆ' ಆಯಿತು, 'ಇಲ್ಲೆ' ಎಂಬುದು 'ಇಲ್ಲ' ಆಯಿತು. ಅಜ್ಜಿ "ಇದಕ್ಕೆ ಎಂತ ಭೂತ ಹಿಡ್ದಿತ್ತಾ?" ಎಂದು ಕೇಳಿದಳು. ಅಬ್ಬಿ ಮಾತ್ರ ನಾನು ಮಾತಾಡುವಾಗ ಕೆಲಸ ನಿಲ್ಲಿಸಿ ಬಾಯಿಬಿಟ್ಟು ಕೇಳುತ್ತಿದ್ದಳು. ಅದು ಹೆಮ್ಮೆ ಎಂದು ನನಗೆ ಆಗ ತಿಳಿಯಲಿಲ್ಲ. ಅವಳಿಗೆ ಅರ್ಥವಾಗುವುದಿಲ್ಲ ಎಂದುಕೊಂಡಿದ್ದೆ, ಅಹಂಕಾರಿ ನಾನು.

ಅದಾಗಿ ಎರಡು ತಿಂಗಳಿಗೆ, ಒಂದು ಬೆಳಿಗ್ಗೆ ಅಬ್ಬಿ ದೋಸೆ ಹುಯ್ಯುತ್ತಾ ಇದ್ದಕ್ಕಿದ್ದಂತೆ ಸೌಟು ಕೆಳಗಿಟ್ಟು ಗೋಡೆ ಹಿಡಿದು ನಿಂತಳು.

"ಎಡ್ದ್ ಕೆಮಿಯಂಗೆ ಗುಂಯ್ ಅಂತ್ ಮಗಾ. ಹಂಡಿ ಒಳ್ಗೆ ತಲಿ ಹಾಕಿ ನಿಂತಾಂಗೆ. ದೋಸಿ ಚೊಂಯ್ ಅಂದದ್ದೂ ಸಮಾ ಕೇಂತಿಲ್ಲೆ. ತಲಿ ಗಿರ್ರ್ ಅಂತ್."

ಮೂರು ದಿನ ಕಳೆದರೂ ಅದು ಹೋಗಲಿಲ್ಲ. ಅಜ್ಜಿ ಕಿವಿಗೆ ಬೆಳ್ಳುಳ್ಳಿ ಎಣ್ಣೆ ಬಿಟ್ಟಳು. ನಾಲ್ಕನೇ ದಿನ ಅಬ್ಬಿ ಕಾರ್ಖಾನೆಗೆ ರಜೆ ಹಾಕಿ, ನನ್ನನ್ನು ಕರೆದುಕೊಂಡು ಕುಂದಾಪುರದ ಪೇಟೆಗೆ ಹೊರಟಳು. ಬಸ್ಸಿನಲ್ಲಿ ಇಡೀ ದಾರಿ ತುಟಿಯಲ್ಲೇ ಏನೋ ಹೇಳಿಕೊಳ್ಳುತ್ತಿದ್ದಳು. ಡಾಕ್ಟರಿಗೆ ಏನು ಹೇಳಬೇಕೆಂದು ಅಭ್ಯಾಸ ಮಾಡಿಕೊಳ್ಳುತ್ತಿದ್ದಳು, ಪಾಪ. ಗುಂಯ್ ಯಾವಾಗ, ಗಿರ್ರ್ ಯಾವಾಗ, ಎಲ್ಲ ಸಾಲಾಗಿ ಇಟ್ಟುಕೊಂಡಿದ್ದಳು. ಡಾಕ್ಟರು ಬೇರೆ ಊರಿನವರು, ಬಿಳಿ ಶರಟು, ಇಸ್ತ್ರಿ ಮಾಡಿದ ಕನ್ನಡ. ಅವರ ಕೋಣೆಯಲ್ಲಿ ಇನ್ನೂ ಇಬ್ಬರು ಪೇಟೆಯ ಹೆಂಗಸರು ಬೆಂಚಿನಲ್ಲಿ ಕುಳಿತಿದ್ದರು.

"ಏನಮ್ಮಾ, ಏನಾಗ್ತದೆ?"

"ಡಾಕ್ಟ್ರೆ, ಎಡ್ದ್ ಕೆಮಿಯಂಗೆ ನಾಕ್ ದಿನ ಆಯ್ತ್, ಗುಂ..."

ಬೆಂಚಿನ ಹೆಂಗಸರಲ್ಲಿ ಒಬ್ಬಳು ತುಟಿಯಲ್ಲೇ ನಕ್ಕದ್ದು ನನಗೆ ಕಂಡಿತು. ನಿಜಕ್ಕೂ ನಕ್ಕಳೋ ಇಲ್ಲವೋ, ಯಾರಿಗೆ ಗೊತ್ತು? ನನಗಂತೂ ಆ ಕ್ಲಾಸೇ ಎದುರು ಬಂದು ಕುಳಿತ ಹಾಗಾಯಿತು. ಅಬ್ಬಿಯ ಮೊಣಕೈ ಹಿಂಡಿ, ನಾನು ಮುಂದೆ ಬಂದೆ.

"ಡಾಕ್ಟರೇ, ನಮ್ಮ ತಾಯಿಯವರಿಗೆ ಎಡಗಿವಿಯಲ್ಲಿ ನೋವಿದೆ. ಸ್ವಲ್ಪ ಆಯಾಸವೂ ಇದೆ."

ತಾಯಿಯವರು! ನಾನು ಅಬ್ಬಿಯನ್ನು ಅಬ್ಬಿ ಎನ್ನದಿದ್ದ ದಿನ ಅದೊಂದೇ. ಡಾಕ್ಟರು ಕಿವಿಗೆ ಬ್ಯಾಟರಿಯ ಬೆಳಕು ಬಿಟ್ಟು ನೋಡಿ, ಎಣ್ಣೆ ಹಾಕಿದ್ದಕ್ಕೆ ಬೈದು, ನೋವಿಗೆ ಬಿಡುವ ಹನಿ ಬರೆದುಕೊಟ್ಟರು. ಆಯಾಸಕ್ಕೆ ಒಂದು ಟಾನಿಕ್ಕು. ಚೀಟಿ ನನ್ನ ಕೈಗೆ ಕೊಡುತ್ತಾ ನಕ್ಕರು.

"ಎಷ್ಟನೇ ಕ್ಲಾಸಮ್ಮ ನೀನು? ಒಳ್ಳೇ ಶುದ್ಧವಾಗಿ ಮಾತಾಡ್ತೀಯ."

ನಾನು ಉಬ್ಬಿಹೋದೆ. ಅಬ್ಬಿ ಒಂದು ಮಾತೂ ಆಡದೆ ಎದ್ದು ಬಂದಳು. ಬಸ್‌ಸ್ಟ್ಯಾಂಡಿನಲ್ಲಿ ನನಗೊಂದು ಗೋಳಿಬಜೆ ಕೊಡಿಸಿದಳು. ನಾನು ತಿಂದೆ.

ಹನಿ ಬಿಟ್ಟದ್ದೂ ಆಯಿತು, ಟಾನಿಕ್ಕು ಕುಡಿದದ್ದೂ ಆಯಿತು. ತಿಂಗಳೊಳಗೆ ಎಡಗಿವಿ ಪೂರ್ತಿ ಹೋಯಿತು. ಮುಂದಿನ ಮಳೆಗಾಲದ ಹೊತ್ತಿಗೆ ಬಲಗಿವಿಯೂ ಹೋಯಿತು. ಆದರೆ ಕಾರ್ಖಾನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಯಾಕೆ ಗೊತ್ತೇ? ಅಬ್ಬಿಯ ಹೆಂಚು ತಪ್ಪಲೇ ಇಲ್ಲ. ಪೆಟ್ಟು ಕೊಟ್ಟ ಕೂಡಲೇ ಎಡಗೈಯ ಬೆರಳ ತುದಿಗೆ ಹೆಂಚಿನ ನಡುಕ ಬರುತ್ತದಂತೆ. ಠಣ್‌ನ ನಡುಕ ಉದ್ದಕ್ಕೆ ಹೋಗುತ್ತದೆ, ಜರ್ರ್ ಅಂಚಿಗೆ ಬಂದು ಕಚ್ಚುತ್ತದೆ, ಬೊದ್ದ್‌ಗೆ ನಡುಕವೇ ಇಲ್ಲ. ಇಷ್ಟು ವರ್ಷ ಕಿವಿ ಮತ್ತು ಬೆರಳು ಒಟ್ಟಿಗೇ ಕೇಳುತ್ತಿದ್ದವು. ಈಗ ಬೆರಳು ಒಂದೇ ಕೇಳತೊಡಗಿತು. ಪಕ್ಕದಲ್ಲಿ ಕುಳಿತ ಹೆಂಗಸರಿಗೆ ಮಾತ್ರ ವಿಷಯ ಗೊತ್ತಿತ್ತು. ಅವರು ಬಾಯಿ ಬಿಡಲಿಲ್ಲ. ಏಳೆಂಟು ತಿಂಗಳು ಅವಳು ಹೀಗೆ ನಡೆಸಿದಳು, ಒಂದು ಬಿರುಕಿನ ಹೆಂಚೂ ಠಣ್ ರಾಶಿಗೆ ಹೋಗಲಿಲ್ಲ.

ಒಂದು ದಿನ ಹೊಸ ಮೇಸ್ತ್ರಿ ಹಿಂದಿನಿಂದ "ಹ್ವಾಯ್" ಎಂದು ಕರೆದನಂತೆ. ಅಬ್ಬಿ ತಿರುಗಲಿಲ್ಲ. ಮತ್ತೆ ಕರೆದನಂತೆ. ಮೂರನೇ ಸಲ ಬಂದು ಭುಜ ಹಿಡಿದು ಅಲ್ಲಾಡಿಸಿದ.

"ಕೆಮಿ ಕೇಂತಿಲ್ಯಾ ನಿಂಗೆ? ಕೆಪ್ಪಿಗೆ ಹೆಂಚ್ ಬಡಿಯೂ ಕೆಲ್ಸ ಕೊಟ್ಟದ್ದ್ ಯಾರ್?"

ಉಳಿದ ಹೆಂಗಸರು ಎದ್ದು ನಿಂತು, ಅವಳ ರಾಶಿಯ ಯಾವ ಹೆಂಚನ್ನಾದರೂ ಬಡಿದು ನೋಡಿ ಎಂದರಂತೆ. ಅವನು ಒಂದನ್ನೂ ಬಡಿಯಲಿಲ್ಲ. ಬಡಿದರೂ ಅವನಿಗೆ ಏನು ತಿಳಿಯುತ್ತಿತ್ತು, ಅವನ ತಲೆ! ಕೆಲಸ ಸರಿಯಿತ್ತು, ಹೆಂಚು ಸರಿಯಿತ್ತು. ಕರೆದಾಗ ಓ ಎನ್ನಲಿಲ್ಲ ಎಂಬ ಒಂದೇ ಕಾರಣಕ್ಕೆ ಅವಳನ್ನು ಆ ದಿನವೇ ಮನೆಗೆ ಕಳಿಸಿದರು. ಅಬ್ಬಿ ಬಂದು ಜಗಲಿಯಲ್ಲಿ ಕುಳಿತು, ಅಂಗಳದಲ್ಲಿ ಬಿದ್ದಿದ್ದ ಒಂದು ಹೆಂಚನ್ನು ಎಡಗೈಯ ಬೆರಳುಗಳ ಮೇಲೆ ನಿಲ್ಲಿಸಿಕೊಂಡು ಬಡಿಯುತ್ತಲೇ ಇದ್ದಳು. ಅದು ಠಣ್ ಎನ್ನುತ್ತಿತ್ತು. ನನಗೆ ಕೇಳುತ್ತಿತ್ತು.

ಆಮೇಲಿನ ವರ್ಷಗಳಲ್ಲಿ ಅವಳು ಬೀಡಿ ಕಟ್ಟಿದಳು. ಬೀಡಿಗೆ ಸದ್ದಿಲ್ಲ. ಮಾತು ತುಟಿ ನೋಡಿ ತಿಳಿದುಕೊಳ್ಳುವುದನ್ನು ಬೇಗ ಕಲಿತಳು. ಆದರೆ ಸದ್ದಿನ ಹಸಿವು ಅವಳನ್ನು ಬಿಡಲಿಲ್ಲ. ಎಲ್ಲವನ್ನೂ ನನ್ನ ಬಾಯಿಂದ ಕೇಳಬೇಕು. ಬಾಗಿಲಲ್ಲಿ ನಿಂತು ಮಳೆ ನೋಡುತ್ತಾ ನನ್ನನ್ನು ಕರೆಯುತ್ತಿದ್ದಳು.

"ಮಳಿ ಹ್ಯಾಂಗ್ ಬತ್ತಿತ್ತ್ ಮಗಾ?"

"ಜೋರಾಗಿ."

"ಜೋರ್ ಅಂದ್ರೆ ಎಂತದೇ? ಜೋರ್ ನಂಗ್ ಕಾಂತ್. ಜಿರಿಜಿರಿಯಾ? ಪಟಪಟ ಅಂತಾ? ಧೋ ಅಂತಾ? ಅದನ್ ಹೇಳ್!"

ಅವಳು ಸಿಟ್ಟಾದದ್ದನ್ನು ನಾನು ಮೊದಲ ಸಲ ಕಂಡದ್ದು ಆಗಲೇ. ಶುದ್ಧ ಕನ್ನಡ ಅವಳಿಗೆ ಉಪಯೋಗಕ್ಕೆ ಬರುತ್ತಿರಲಿಲ್ಲ. ಶಾಲೆಯ ಬೆಂಚಿನ ಮೇಲೆ ನಿಂತ ದಿನ ನಾನು ಹೂತುಹಾಕಿದ್ದ ಶಬ್ದಗಳನ್ನು ಒಂದೊಂದಾಗಿ ಎತ್ತಿ ತರಬೇಕಾಯಿತು. ಅವಳು ತೋರುಬೆರಳನ್ನು ನನ್ನ ಕೆಳತುಟಿಯ ಮೇಲಿಟ್ಟು, ನಾನು ಹೇಳಿದ್ದನ್ನು ಬೆರಳಿನಿಂದಲೇ ಕೇಳುತ್ತಿದ್ದಳು. ಗಂಜಿ ಪೊಕ್ ಪೊಕ್, ಬಾವಿಯ ಗಾಲಿ ಕಿರ್ರ್, ತೆಂಗಿನಕಾಯಿ ದೊಪ್. ಆನೆಗುಡ್ಡೆಯಲ್ಲಿ ಗಂಟೆ ಬಾರಿಸಿ, ಎರಡೂ ಅಂಗೈಯಿಂದ ಅದನ್ನು ತಬ್ಬಿ ನಿಲ್ಲುತ್ತಿದ್ದಳು. ಹಿಂದೆ ನಿಂತ ಜನ ಗೊಣಗುತ್ತಿದ್ದರು. ಅವಳಿಗೆ ಅದು ಹೇಗೂ ಕೇಳುತ್ತಿರಲಿಲ್ಲ. ಇಷ್ಟೆಲ್ಲ ಮನೆಯಲ್ಲಿ ಆಗುತ್ತಿರುವಾಗಲೇ ನಾನು ಓದಿ, ಟೀಚರಾಗಿ, ಬಸ್ಸಿನಲ್ಲಿ ಬ್ರಹ್ಮಾವರದ ಕಡೆ ಹೋಗಿ, ಬೋರ್ಡಿನ ಮೇಲೆ ಅರ್ಥವಿಲ್ಲದ ಸದ್ದುಗಳು ಎಂದು ಬರೆಯುತ್ತಿದ್ದೆ. ಇದಕ್ಕೆ ಏನೆನ್ನಬೇಕು? ಪಠ್ಯಪುಸ್ತಕದಲ್ಲಿದೆ, ಪರೀಕ್ಷೆಗೆ ಬರುತ್ತದೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಥೂ!

ನನ್ನ ಸಂಬಳ ಸ್ಥಿರವಾದ ಮೇಲೆ ಅಬ್ಬಿಯನ್ನು ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿಯ ಕಿವಿಯ ಡಾಕ್ಟರಮ್ಮ ಎಲ್ಲ ಪರೀಕ್ಷೆ ಮಾಡಿ, ನನ್ನನ್ನು ಪಕ್ಕಕ್ಕೆ ಕೂರಿಸಿ ಕೇಳಿದರು: ಶುರುವಿಗೆ ಕಿವಿಯೊಳಗೆ ಏನಾದರೂ ಸದ್ದು ಬರುತ್ತಿತ್ತಾ, ತಲೆ ಗಿರ್ರೆನ್ನುತ್ತಿತ್ತಾ? ಹಾಗಿದ್ದರೆ ಆ ವಾರವೇ ಮದ್ದು ಆಗಿದ್ದರೆ ಉಳಿಯುವ ಸಾಧ್ಯತೆ ಇತ್ತು, ಖಂಡಿತ ಎನ್ನಲಿಕ್ಕಾಗದು. ಆ ಡಾಕ್ಟರಮ್ಮನ ಬಾಯಲ್ಲಿ ಗಿರ್ರ್ ಎಂಬ ಶಬ್ದ ಎಷ್ಟು ಸಲೀಸಾಗಿ ಬಂತು! ಅವರಿಗೆ ನಾಚಿಕೆಯಾಗಲಿಲ್ಲ, ಯಾರೂ ನಗಲಿಲ್ಲ. ನಾನು ಮನೆಗೆ ಬಂದವಳೇ ಬ್ಯಾಗು ಎಸೆದು, ಅಡುಗೆಮನೆಯಲ್ಲಿ ಅಬ್ಬಿಯ ಎದುರು ಕುಳಿತೆ. ಅವಳು ನನ್ನ ತುಟಿಯನ್ನೇ ನೋಡಿದಳು.

"ಅಬ್ಬಿ, ಅವತ್ತ್ ಕುಂದಾಪ್ರದ ಡಾಕ್ಟ್ರ ಹತ್ರ ನೀನ್ ಗುಂಯ್ ಅಂದೇಳಿ ಹೇಳೂಕ್ ಹೊರ್ಟಿದ್ದೆ. ನಾನ್ ನಡೂಗ್ ಬಾಯ್ ಹಾಕಿ ನೋವು ಅಂದೆ."

"ಗೊತ್ತಿತ್ತ್. ಬಲ್ದ್ ಕೆಮಿ ಆಗ ಸಮಾ ಇದ್ದಿತ್ ಅಲ್ದಾ? ಎಲ್ಲಾ ಕೇಂಡಿತ್."

"ಮತ್ತೆಂತಕೆ ನೀನ್ ಬಾಯ್ ಬಿಡ್ಲಿಲ್ಲೆ?"

"ನೀನ್ ಎಷ್ಟ್ ಚಂದ ಮಾತಾಡ್ದೆ ಹೆಣೆ! ಪುಸ್ತಕ ಓದ್ದಾಂಗೆ. ಡಾಕ್ಟ್ರೇ ಹೊಗಳ್ರ್. ನಡೂಗ್ ನನ್ ಭಾಷಿ ತಂದ್ ಹಾಕಿ ಹಾಳ್ ಮಾಡೂದ್ ಎಂತಕೆ ಅಂದೇಳಿ ಸುಮ್ನೆ ಕೂಕಂಡೆ."

ನನಗೆ ಸಿಟ್ಟು ನೆತ್ತಿಗೇರಿತು. ಮಾಷ್ಟ್ರ ಮೇಲೆ, ಮೇಸ್ತ್ರಿಯ ಮೇಲೆ, ಆ ಬೆಂಚಿನ ಹೆಂಗಸರ ಮೇಲೆ, ನನ್ನ ಮೇಲೆ, ಎಲ್ಲರಿಗಿಂತ ಹೆಚ್ಚು ನನ್ನ ಅಬ್ಬಿಯ ಮೇಲೆ. ಹೋಗುತ್ತಿರುವುದು ತನ್ನ ಕಿವಿ, ತನ್ನ ಕೆಲಸ. ಅಲ್ಲಿ ಕುಳಿತು ಮಗಳ ಕನ್ನಡ ಕೇಳಿ ಖುಷಿಪಡುತ್ತಾಳಂತೆ! ಬಾಯಿಗೆ ಬಂದ ಹಾಗೆ ಕೂಗಾಡಿದೆ, ಅತ್ತೆ, ಪಾತ್ರೆ ಎತ್ತಿ ಕುಕ್ಕಿದೆ. ಅವಳು ನಕ್ಕಳು.

"ನಿಧಾನ ಹೇಳ್. ಇಷ್ಟ್ ಬೇಗ ಹೇಳ್ರೆ ನಂಗ್ ತುಟಿ ಕಾಂತಿಲ್ಲೆ."

ಅವಳು ಸೆರಗಿನಲ್ಲಿ ಕೈ ಒರೆಸಿಕೊಂಡು, ತೋರುಬೆರಳನ್ನು ನನ್ನ ಕೆಳತುಟಿಯ ಮೇಲಿಟ್ಟಳು.

"ಅವತ್ತ್ ಹೇಳೂಕಿದ್ದದ್ದನ್ನ ಈಗ ಹೇಳ್, ಕಾಂಬ."

"ಗುಂಯ್" ಎಂದೆ.

"ಹ್ಞಾ, ಅದೇ. ಸಮಾ ಹೇಳ್ದೆ."

ಅಬ್ಬಿಗೆ ಏನೂ ಕೇಳುವುದಿಲ್ಲ ಎಂದು ನಾನು ಅಷ್ಟು ವರ್ಷ ಊರಿಗೆಲ್ಲ ಹೇಳಿಕೊಂಡು ಬಂದಿದ್ದೆ. ಅವಳು ಬೆರಳು ತೆಗೆದು, ಅದೇ ಬೆರಳಿನಿಂದ ತನ್ನ ಎಡಗಿವಿಯನ್ನು ಮುಟ್ಟಿ ತೋರಿಸಿದಳು.

"ಈಗ್ಳೂ ಅಂತ್ ಮಗಾ. ಒಂದ್ ದಿನವೂ ನಿಲ್ಲಲಿಲ್ಲೆ. ನೀನ್ ಕೇಂಡದ್ದ್ ಇವತ್ತೇ."